ಗ್ರಹವನ್ನು ಎಳೆಯುವುದು ಅದರದೇ ಅಲೆ

ಗುರು ಬದಲಾವಣೆ ಹತ್ತಿರ ಬಂತು ಅಂದರೆ ಬದಿಯಡ್ಕ, ಪೆರ್ಲ ಕಡೆಯ ನೆಂಟರು ನನಗೆ ಫೋನ್ ಮಾಡುವುದುಂಟು. "ನೀನು ಗ್ರಹಗಳ ಮೇಲೆಯೇ ಕೆಲಸ ಮಾಡುವುದಲ್ವಾ, ನನ್ನ ರಾಶಿಗೆ ಹೇಗಿದೆ ನೋಡು" ಅಂತ. ಗುರುವಿಗೆ ಸೂರ್ಯನ ಸುತ್ತ ಒಂದು ಸುತ್ತು ಬರಲು ಸುಮಾರು 12 ವರ್ಷ ಬೇಕು. ಹಾಗಾಗಿ ವರ್ಷಕ್ಕೊಂದು ರಾಶಿ ದಾಟಿದಂತೆ ಕಾಣುತ್ತದೆ. ಅಷ್ಟೇ. ಗುರು ಓಡಾಡುವ ದಾರಿ ಒಂದಿಷ್ಟೂ ಬದಲಾಗುವುದಿಲ್ಲ. ನಾನು ತಲೆ ಕೆಡಿಸಿಕೊಳ್ಳುವುದು ದಾರಿಯೇ ಬದಲಾಗುವ ಸಂಗತಿಯ ಬಗ್ಗೆ. ಗ್ರಹ ಹುಟ್ಟಿದ ಹೊಸದರಲ್ಲಿ ನಕ್ಷತ್ರದ ಸುತ್ತ ಇನ್ನೂ ತಟ್ಟೆಯ ಆಕಾರದಲ್ಲಿ ಅನಿಲ ಇರುತ್ತದೆ. ಆಗ ಗ್ರಹ ಹುಟ್ಟಿದ ಜಾಗ ಬಿಟ್ಟು ಒಳಗೋ ಹೊರಗೋ ಜಾರಬಹುದು. ಸ್ವಲ್ಪಸ್ವಲ್ಪ ಅಲ್ಲ, ಕೋಟಿಗಟ್ಟಲೆ ಕಿಲೋಮೀಟರ್. ಇದನ್ನೇ ಗ್ರಹಗಳ ವಲಸೆ ಅನ್ನುತ್ತೇವೆ.

ನನ್ನ ಕೆಲಸಕ್ಕೆ ದೂರದರ್ಶಕ ಬೇಡ. ಹಗಲು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ. ಉಳಿದ ಹೊತ್ತು ಕಂಪ್ಯೂಟರಿನೊಳಗೆ ಒಂದು ಅನಿಲದ ತಟ್ಟೆ ತಿರುಗಿಸಿ, ಅದರಲ್ಲೊಂದು ಗ್ರಹ ಇಟ್ಟು, ಅದು ಎತ್ತ ಹೋಗುತ್ತದೆ ಅಂತ ನೋಡುವುದು. ಮಳೆಗಾಲದ ಆಟಿ ತಿಂಗಳಲ್ಲಿ ಕಾಸರಗೋಡಿನ ಆಕಾಶದಲ್ಲಿ ನಕ್ಷತ್ರ ಕಂಡರೆ ಪುಣ್ಯ. ನನ್ನ ಕೆಲಸ ಜೋರಾಗಿ ಸಾಗುವುದು ಆಗಲೇ, ಕರೆಂಟು ಕೈ ಕೊಡದಿದ್ದರೆ.

ವಲಸೆಯ ಮಾತಿಗೆ ಬೆಲೆ ಬಂದದ್ದು 1995ರಲ್ಲಿ. ಮಿಶೆಲ್ ಮೇಯರ್ ಮತ್ತು ಡಿಡಿಯೇ ಕ್ವೆಲೋಜ್ ಸುಮಾರು 50 ಜ್ಯೋತಿರ್ವರ್ಷ ದೂರದ 51 ಪೆಗಾಸಿ ಎಂಬ ನಕ್ಷತ್ರದ ಸುತ್ತ ಒಂದು ಗ್ರಹ ಹಿಡಿದರು. ನಕ್ಷತ್ರ ನಮ್ಮ ಸೂರ್ಯನಂಥದ್ದೇ. ಗ್ರಹದ ತೂಕ ಗುರುವಿನ ಅರ್ಧದಷ್ಟಾದರೂ ಇದೆ. ಆದರೆ ಅದರ ಒಂದು ವರ್ಷ ಅಂದರೆ 4.2 ದಿನ! ನಮ್ಮ ಬುಧನಿಗೇ ಒಂದು ಸುತ್ತಿಗೆ 88 ದಿನ ಬೇಕು. ಅಷ್ಟು ಹತ್ತಿರದ ಬಿಸಿಯಲ್ಲಿ ಹಿಮ ಇಲ್ಲ, ದೊಡ್ಡ ಗ್ರಹ ಕಟ್ಟಲು ಬೇಕಾದಷ್ಟು ಸಾಮಗ್ರಿಯೂ ಇಲ್ಲ. ದೂರದಲ್ಲಿ ಹುಟ್ಟಿ ಒಳಗೆ ಬಂದಿರಬೇಕು ಎಂಬುದೇ ಸುಲಭದ ಉತ್ತರವಾಗಿತ್ತು. ಈ ಶೋಧಕ್ಕೆ 2019ರಲ್ಲಿ ನೊಬೆಲ್ ಬಂತು.

ತಮಾಷೆ ಏನೆಂದರೆ, ಒಳಗೆ ಬರುವ ದಾರಿಯ ಲೆಕ್ಕ ಆಗಲೇ ತಯಾರಿತ್ತು. 1980ರಲ್ಲೇ ಪೀಟರ್ ಗೋಲ್ಡ್‌ರೈಕ್ ಮತ್ತು ಸ್ಕಾಟ್ ಟ್ರಿಮೇನ್ ತಟ್ಟೆಗೂ ಅದರೊಳಗೆ ಸುತ್ತುವ ಕಾಯಕ್ಕೂ ನಡುವೆ ನಡೆಯುವ ಎಳೆದಾಟವನ್ನು ಲೆಕ್ಕ ಹಾಕಿದ್ದರು. ಅದೇ ಲೆಕ್ಕವನ್ನು ಗುರುವಿಗೆ ಹಚ್ಚಿದರೆ ಕೆಲವೇ ಸಾವಿರ ವರ್ಷಗಳಲ್ಲಿ ಅದರ ದಾರಿ ಬದಲಾಗಬೇಕು ಅಂತಲೂ ಬರೆದಿದ್ದರು. ಹದಿನೈದು ವರ್ಷ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡ ಮೇಲೆ ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಿಂದ ನನಗೆ ಕರೆ ಜಾಸ್ತಿ. ವಲಸೆಯ ಮಾತೆತ್ತಿದರೆ ಮಕ್ಕಳು ಹೇಳುವುದು ಒಂದೇ: "ಸರ್, ಅನಿಲ ತಡೆಯುತ್ತದೆ, ಗ್ರಹ ನಿಧಾನ ಆಗುತ್ತದೆ, ಒಳಗೆ ಬೀಳುತ್ತದೆ." ಒಳ್ಳೆಯ ಉತ್ತರ. ಕಲ್ಲುಬಂಡೆಯ ಮಟ್ಟಿಗೆ ಸರಿ ಕೂಡ. ತಟ್ಟೆಯ ಅನಿಲಕ್ಕೆ ತನ್ನದೇ ಒತ್ತಡದ ಆಸರೆ ಇರುವುದರಿಂದ ಅದು ಗ್ರಹಕ್ಕಿಂತ ತುಸು ನಿಧಾನವಾಗಿ ಸುತ್ತುತ್ತದೆ. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ಒಂದು ಮೀಟರ್ ಗಾತ್ರದ ಬಂಡೆಗೆ ಅಷ್ಟು ಎದುರುಗಾಳಿ ಧಾರಾಳ ಸಾಕು. ಭೂಮಿಯ ದೂರದಲ್ಲಿದ್ದರೆ ಅದು ನೂರಿನ್ನೂರು ವರ್ಷಗಳಲ್ಲಿ ನಕ್ಷತ್ರ ಸೇರಿಬಿಡುತ್ತದೆ. ಆದರೆ ಗ್ರಹಕ್ಕೆ ತೂಕ ಎಷ್ಟು, ಗಾಳಿಗೆ ಸಿಗುವ ಮೈ ಎಷ್ಟು? ಭೂಮಿಯಂಥ ಗ್ರಹಕ್ಕೆ ಈ ಗಾಳಿ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಎಳೆಯುವವರು ಯಾರು? ಗ್ರಹ ತಾನೇ ಎಬ್ಬಿಸಿದ ಅಲೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫಾರ್ಗೋ ಎಂಬ ಪ್ರೋಗ್ರಾಮ್ ಇದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದರಲ್ಲಿ ಒಂದು ನುಣುಪಾದ ತಟ್ಟೆ ಮಾಡಿ, ನಡುವೆ ಭೂಮಿಯಷ್ಟು ತೂಕದ ಗ್ರಹ ಇಡುತ್ತೇನೆ. ಕೆಲವು ಸುತ್ತು ಆಗುವಷ್ಟರಲ್ಲಿ ಪರದೆಯ ಮೇಲೆ ಎರಡು ಸುರುಳಿ ಎದ್ದು ಬರುತ್ತವೆ. ಒಳಗಿನ ಅನಿಲ ಗ್ರಹಕ್ಕಿಂತ ಬೇಗ ಸುತ್ತುತ್ತದಲ್ಲವೇ, ಹಾಗಾಗಿ ಒಳಗಿನ ಸುರುಳಿ ಗ್ರಹದ ಮುಂದಕ್ಕೆ ಬಾಗಿರುತ್ತದೆ. ಹೊರಗಿನ ಅನಿಲ ನಿಧಾನ, ಅದರ ಸುರುಳಿ ಹಿಂದಕ್ಕೆ ಬಾಗಿರುತ್ತದೆ. ಸುರುಳಿಯಲ್ಲಿ ಅನಿಲ ಒತ್ತಾಗಿ ಸೇರಿರುವುದರಿಂದ ಅದಕ್ಕೆ ತೂಕ ಇದೆ, ತೂಕಕ್ಕೆ ಗುರುತ್ವ ಇದೆ. ಮುಂದಿನ ಸುರುಳಿ ಗ್ರಹವನ್ನು ಮುಂದಕ್ಕೆ ಎಳೆಯುತ್ತದೆ. ಆಗ ಗ್ರಹಕ್ಕೆ ಕೋನೀಯ ಸಂವೇಗ (ಸುತ್ತುವ ಚಲನೆಯ ಮೊತ್ತ ಅನ್ನಿ) ಸಿಗುತ್ತದೆ, ಗ್ರಹ ಹೊರಗೆ ಸರಿಯುತ್ತದೆ. ಹಿಂದಿನ ಸುರುಳಿ ಹಿಂದಕ್ಕೆ ಎಳೆದು ಅದನ್ನು ಕಸಿಯುತ್ತದೆ. ಗ್ರಹ ಒಳಗೆ ಸರಿಯುತ್ತದೆ. (ಒಳಗೆ ಬಂದ ಮೇಲೆ ಗ್ರಹ ಮೊದಲಿಗಿಂತ ಜೋರಾಗಿ ಓಡುತ್ತದೆ. ಹಿಂದಕ್ಕೆ ಎಳೆದದ್ದರಿಂದ ವೇಗ ಹೆಚ್ಚಿತು! ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಅರ್ಧ ತರಗತಿ ಬೀಳುತ್ತದೆ.)

ಪ್ರೋಗ್ರಾಮ್ ಒಂದು ಫೈಲಿನಲ್ಲಿ ಈ ಎರಡೂ ಎಳೆತಗಳನ್ನು ಎರಡು ಕಾಲಮ್ಮಿನಲ್ಲಿ ಬರೆಯುತ್ತಾ ಹೋಗುತ್ತದೆ. ಒಂದು ಧನ, ಇನ್ನೊಂದು ಋಣ. ಹೊರಗಿನ ಅನಿಲದಲ್ಲಿ ಅಲೆ ಏಳುವ ಜಾಗಗಳು ಗ್ರಹಕ್ಕೆ ತುಸು ಹತ್ತಿರ, ಒಳಗಿನವು ತುಸು ದೂರ. ಅದಕ್ಕೆ ಸಾಮಾನ್ಯವಾಗಿ ಋಣವೇ ಗೆಲ್ಲುತ್ತದೆ. ನನ್ನ ಕಸುಬಿನ ಕಷ್ಟ ಇರುವುದೂ ಇಲ್ಲೇ. ನಮಗೆ ಬೇಕಾದ್ದು ಎರಡು ದೊಡ್ಡ ಸಂಖ್ಯೆ ಕಳೆದು ಉಳಿಯುವ ಬಾಕಿ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಲಕ್ಷ ಬಂದು ಹತ್ತೂವರೆ ಲಕ್ಷ ಹೋದರೆ ಅರ್ಧ ಲಕ್ಷ ನಷ್ಟ. ಮದ್ದು ಬಿಟ್ಟದ್ದು, ಗೊಬ್ಬರ, ಕೂಲಿ ಎಲ್ಲ ಸೇರಿಸುವಾಗ ನೂರಕ್ಕೆ ಐದು ಆಚೀಚೆ ಆಯಿತೋ, ನಷ್ಟವಾಯಿತೋ ಲಾಭವಾಯಿತೋ ಅಂತಲೇ ತಿಳಿಯುವುದಿಲ್ಲ. ವಲಸೆಯ ಬಗ್ಗೆ ಎಲ್ಲಿ ಏನು ಓದಿದರೂ ಇದೊಂದು ನೆನಪಿರಲಿ: ಗ್ರಹ ಒಳಗೆ ಹೋಗುತ್ತದೆ, ಹೊರಗೆ ಹೋಗುತ್ತದೆ ಎಂಬ ಪ್ರತಿ ಮಾತಿನ ಹಿಂದೆ ಇಂಥದ್ದೊಂದು ಬಾಕಿ ಲೆಕ್ಕ ಇದೆ.

ಸುರುಳಿಗಳ ಲೆಕ್ಕ ಮಾತ್ರ ನಂಬಿದರೆ ಗ್ರಹಗಳಿಗೆ ಉಳಿಗಾಲ ಇಲ್ಲ. ಭೂಮಿಯ ತೂಕದ ಗ್ರಹ ಭೂಮಿಯ ದೂರದಿಂದ ನಕ್ಷತ್ರಕ್ಕೆ ಬೀಳಲು ಒಂದು ಲಕ್ಷ ವರ್ಷದ ಆಸುಪಾಸು ಸಾಕು. ದಿನಕ್ಕೆ ಹಂಚಿದರೆ ಸುಮಾರು 4 ಕಿಲೋಮೀಟರ್. ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಗ್ರಹ ಒಳಗೆ ಸರಿಯುವುದು ದಿನಕ್ಕೆ ಇಷ್ಟೇ. ಆದರೆ ಅನಿಲದ ತಟ್ಟೆ ಕೆಲವು ಹತ್ತು ಲಕ್ಷ ವರ್ಷ ಬಾಳುತ್ತದೆ. ಅಷ್ಟು ಸಮಯದಲ್ಲಿ ಎಲ್ಲವೂ ಬಿದ್ದು ಮುಗಿಯಬೇಕಿತ್ತು. ಇನ್ನೂ ಕೆಟ್ಟದ್ದೆಂದರೆ ತೂಕ ಹೆಚ್ಚಿದಷ್ಟೂ ವೇಗ ಹೆಚ್ಚು. ಭೂಮಿಯ ಹತ್ತು ಪಟ್ಟು ತೂಗುವ ಗ್ರಹ ಹತ್ತು ಪಟ್ಟು ಬೇಗ ಜಾರುತ್ತದೆ. ಗುರು, ಶನಿಯಂಥವು ಬೆಳೆಯಲು ಮೊದಲು ಅಷ್ಟು ದೊಡ್ಡ ಗಟ್ಟಿ ತಿರುಳು ಬೇಕು. ಬೆಳೆಯುವ ಮೊದಲೇ ಬಿದ್ದರೆ ಹೇಗೆ?

ಉಳಿಸುವ ದಾರಿ ಸಿಕ್ಕಿದ್ದು ಗ್ರಹದ ದಾರಿಯಲ್ಲೇ ಸುತ್ತುವ ಅನಿಲದಲ್ಲಿ. ಈ ಅನಿಲ ಗ್ರಹದ ಹತ್ತಿರ ಬಂದಾಗ ಅದನ್ನು ದಾಟುವುದಿಲ್ಲ, ಕುದುರೆಲಾಳದ ಹಾಗೆ ತಿರುಗಿ ಬಂದ ದಿಕ್ಕಿಗೇ ಹೋಗುತ್ತದೆ. ಗ್ರಹದ ಮುಂದುಗಡೆ ಹೊರಗಿನ ಅನಿಲ ಒಳಕ್ಕೆ ತಿರುಗುತ್ತದೆ. ಹಿಂದುಗಡೆ ಒಳಗಿನದು ಹೊರಕ್ಕೆ. ಹೊರಗಿಂದ ಬಂದದ್ದು ತಣ್ಣಗಿದ್ದರೆ, ಒಳಗಿನ ಒತ್ತಡಕ್ಕೆ ಹೊಂದಿಕೊಳ್ಳುವಾಗ ಅದು ಸುತ್ತಲಿನ ಅನಿಲಕ್ಕಿಂತ ದಟ್ಟವಾಗುತ್ತದೆ. ಹಿಂದುಗಡೆ ಇದರ ಉಲ್ಟಾ, ಅನಿಲ ತೆಳುವಾಗುತ್ತದೆ. ಅಂದರೆ ಗ್ರಹದ ಮುಂದೆ ತೂಕ ಜಾಸ್ತಿ, ಹಿಂದೆ ಕಡಿಮೆ. ಎಳೆತ ಮುಂದಕ್ಕೆ, ಗ್ರಹ ಹೊರಕ್ಕೆ. 2006ರಲ್ಲಿ ಸೈಮೆ-ಯಾನ್ ಪಾರ್ಡೆಕೂಪರ್ ಮತ್ತು ಗಾರೆಲ್ಟ್ ಮೆಲ್ಲೆಮಾ ಅನಿಲದ ಬಿಸಿಯನ್ನು ಸರಿಯಾಗಿ ಲೆಕ್ಕಕ್ಕೆ ತಂದಾಗ ಗ್ರಹ ನಿಜಕ್ಕೂ ಹೊರಗೆ ನಡೆಯಿತು. ಅದಕ್ಕೂ ಮೊದಲು ನಮ್ಮಲ್ಲಿ ಹೆಚ್ಚಿನವರು ಲೆಕ್ಕ ಸುಲಭವಾಗಲಿ ಅಂತ ತಟ್ಟೆಯ ಬಿಸಿಯನ್ನು ಬದಲಾಗದಂತೆ ಕಟ್ಟಿಹಾಕುತ್ತಿದ್ದೆವು. ಆ ಒಂದು ಅನುಕೂಲ ಇಡೀ ಬಾಕಿಯನ್ನೇ ಮುಚ್ಚಿಟ್ಟಿತ್ತು.

ಆದರೆ ಇದೂ ಶಾಶ್ವತ ಅಲ್ಲ. ಅದೇ ಅನಿಲ ಅಲ್ಲೇ ಸುತ್ತಿ ಸುತ್ತಿ ಬೆರೆತುಹೋದರೆ ಹಿಂದೆ ಮುಂದೆ ಎಂಬ ವ್ಯತ್ಯಾಸ ಅಳಿಯುತ್ತದೆ. ತಟ್ಟೆಯಲ್ಲಿ ಸಾಕಷ್ಟು ಜಿಗುಟು ಇದ್ದು, ಹೊಸ ಅನಿಲ ಬರುತ್ತಾ, ಬಿಸಿ ಹರಿದು ಹೋಗುತ್ತಾ ಇದ್ದರೆ ಮಾತ್ರ ಎಳೆತ ಉಳಿಯುತ್ತದೆ. ಹಾಗಾಗಿ ತಟ್ಟೆಯ ಕೆಲವು ಜಾಗಗಳಲ್ಲಿ, ಕೆಲವು ತೂಕದ ಗ್ರಹಗಳಿಗೆ ಮಾತ್ರ ರಕ್ಷಣೆ.

ಬೇರೆಯವರ ಪ್ರಬಂಧ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಒಂದು ಪುಟ್ಟ ಸಂಖ್ಯೆ. ಕಂಪ್ಯೂಟರಿನಲ್ಲಿ ಹೆಚ್ಚಾಗಿ ದಪ್ಪ ಇಲ್ಲದ ತಟ್ಟೆ ಇಟ್ಟುಕೊಳ್ಳುತ್ತೇವೆ, ಬೇಗ ಮುಗಿಯಲಿ ಅಂತ. ನಿಜವಾದ ಅನಿಲಕ್ಕೆ ದಪ್ಪ ಇದೆ, ಮೇಲಿನ ಪದರಗಳು ಗ್ರಹದಿಂದ ದೂರ ಇರುತ್ತವೆ. ಅದನ್ನು ಸರಿದೂಗಿಸಲು ಗ್ರಹದ ಹತ್ತಿರ ಗುರುತ್ವವನ್ನು ಬೇಕೆಂದೇ ಮೊಂಡು ಮಾಡುತ್ತೇವೆ. ಎಷ್ಟು ದೂರದವರೆಗೆ? ತಟ್ಟೆಯ ದಪ್ಪದ 0.4 ಪಾಲು ಅಂತ ಒಬ್ಬರು, 0.7 ಅಂತ ಇನ್ನೊಬ್ಬರು. ಲಾಳದ ಎಳೆತ ಹುಟ್ಟುವುದೇ ಗ್ರಹದ ತೀರಾ ಹತ್ತಿರ. ಈ ಸಂಖ್ಯೆ ಬದಲಾದರೆ ಬಾಕಿಯೂ ಬದಲಾಗುತ್ತದೆ, ಒಮ್ಮೊಮ್ಮೆ ದಿಕ್ಕೇ ತಿರುಗುತ್ತದೆ. ಸುಂದರ ಬಣ್ಣದ ಸುರುಳಿ ಚಿತ್ರ ಮೊದಲ ಪುಟದಲ್ಲಿ, ಈ ಸಂಖ್ಯೆ ಕೊನೆಯ ಪುಟದ ಮೂಲೆಯಲ್ಲಿ. ನನಗೆ ಅದು ಸರಿ ಕಾಣುವುದಿಲ್ಲ.

ಗುರುವಿನಷ್ಟು ದೊಡ್ಡವರ ಕತೆ ಬೇರೆ. ಅವರು ತಮ್ಮ ದಾರಿಯ ಅನಿಲವನ್ನು ಎರಡೂ ಕಡೆಗೆ ತಳ್ಳಿ ಖಾಲಿ ಪಟ್ಟಿ ಮಾಡಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ವಲಸೆ ನಿಧಾನ. ಆ ಪಟ್ಟಿ ಪೂರ್ತಿ ಖಾಲಿ ಅಂತ ಮೊದಲು ತಿಳಿದಿದ್ದೆವು. ಹಾಗಲ್ಲ, ಅನಿಲ ಅದರ ಮೂಲಕವೂ ಹರಿಯುತ್ತದೆ ಅಂತ ಈಚಿನ ಲೆಕ್ಕಗಳು ತೋರಿಸಿವೆ.

ಒಳಗೆ ಬಂದ ಗ್ರಹ ನಿಲ್ಲುವುದು ಎಲ್ಲಿ? ಎಳೆಯ ನಕ್ಷತ್ರದ ಕಾಂತಕ್ಷೇತ್ರ ತಟ್ಟೆಯ ಒಳ ಅಂಚನ್ನು ಕತ್ತರಿಸಿ ಇಟ್ಟಿರುತ್ತದೆ. ಅಲ್ಲಿ ಅನಿಲ ಒಮ್ಮೆಲೇ ಮುಗಿಯುತ್ತದೆ, ಎಳೆತ ಮಗುಚಿಕೊಳ್ಳುತ್ತದೆ. ಮೊದಲು ಬಂದ ಗ್ರಹ ಅಲ್ಲಿ ನಿಂತರೆ ಹಿಂದೆ ಬಂದವು ಅದರ ತಾಳಕ್ಕೆ ಸಿಕ್ಕಿಬೀಳುತ್ತವೆ. ಸುತ್ತಿನ ಕಾಲಗಳು ಪುಟ್ಟ ಪೂರ್ಣಸಂಖ್ಯೆಗಳ ಅನುಪಾತಕ್ಕೆ ಬಂದು ನಿಲ್ಲುತ್ತವೆ. ಅನುರಣನ ಅನ್ನುವುದು ಇದಕ್ಕೆ. ಕೆಪ್ಲರ್-223 ಎಂಬ ನಕ್ಷತ್ರಕ್ಕೆ ಇಂಥ ನಾಲ್ಕು ಗ್ರಹ ಇವೆ. ಅವುಗಳ ಸುತ್ತಿನ ಕಾಲ 7.38, 9.85, 14.79, 19.73 ದಿನ. ಸುಮ್ನೆ ಮೊಬೈಲಿನಲ್ಲೇ ಗುಣಿಸಿ ನೋಡಿ: ಮೊದಲನೆಯದನ್ನು 8ರಿಂದ, ಎರಡನೆಯದನ್ನು 6ರಿಂದ, ಮೂರನೆಯದನ್ನು 4ರಿಂದ, ನಾಲ್ಕನೆಯದನ್ನು 3ರಿಂದ. ಎಲ್ಲವೂ 59 ದಿನಕ್ಕೆ ಬಂದು ನಿಲ್ಲುತ್ತವೆ. ಗ್ರಹಗಳು ಇದ್ದಲ್ಲೇ ಹುಟ್ಟಿ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡವು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ನಿಧಾನವಾಗಿ ಜಾರಿಕೊಂಡು ಬಂದು ಒಂದಕ್ಕೊಂದು ಸಿಕ್ಕಿಕೊಂಡಿರಬೇಕು. ಟ್ರಾಪಿಸ್ಟ್-1ರ ಏಳು ಗ್ರಹಗಳೂ ಇಂಥದೇ ಸರಪಳಿ. ಹಾಗಂತ ಎಲ್ಲ ಕಡೆ ಸರಪಳಿ ಇಲ್ಲ. ಅನಿಲ ಚದುರಿದ ಮೇಲೆ ಹಲವು ಸರಪಳಿಗಳು ಕಡಿದುಹೋಗಿವೆ ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

51 ಪೆಗಾಸಿಯ ಗ್ರಹದ ಹಾಗೆ ನಕ್ಷತ್ರಕ್ಕೆ ತೀರಾ ಹತ್ತಿರ ಸುತ್ತುವ ದೊಡ್ಡ ಗ್ರಹಗಳಿಗೆ ಬಿಸಿ ಗುರುಗಳು ಅನ್ನುತ್ತೇವೆ. ಅವೆಲ್ಲ ಅನಿಲದ ದಾರಿಯಲ್ಲೇ ಬಂದವು ಅಂತಲೂ ಹೇಳಲಾಗದು. ವಾಸ್ಪ್-17ಬಿ ಎಂಬ ಗ್ರಹ ತನ್ನ ನಕ್ಷತ್ರ ತಿರುಗುವ ದಿಕ್ಕಿಗೆ ವಿರುದ್ಧ ಸುತ್ತುತ್ತದೆ. ಚಪ್ಪಟೆ ತಟ್ಟೆಯಲ್ಲಿ ಮೆಲ್ಲಗೆ ಜಾರಿ ಬಂದವರ ಲಕ್ಷಣ ಅದಲ್ಲ. ಬೇರೆ ಗ್ರಹವೋ ಜೊತೆ ನಕ್ಷತ್ರವೋ ಅದನ್ನು ಎಳೆದಾಡಿರಬೇಕು. ನಮ್ಮ ಗುರುವೇ ಒಮ್ಮೆ ಮಂಗಳನ ದೂರದವರೆಗೆ ಒಳಗೆ ಬಂದು, ಶನಿಯ ಜೊತೆ ಸೇರಿದ ಮೇಲೆ ವಾಪಸ್ ಹೋಯಿತು ಎಂಬ ವಾದವೂ 2011ರಲ್ಲಿ ಬಂತು. ಮಂಗಳ ಯಾಕೆ ಭೂಮಿಯ ಹತ್ತನೇ ಒಂದು ಪಾಲು ಮಾತ್ರ ತೂಗುತ್ತದೆ ಎಂಬುದಕ್ಕೆ ಅದು ಚಂದದ ಉತ್ತರ. ಆದರೆ ಅದಕ್ಕೆ ಬೇಕಾದ ಬಾಕಿ ಲೆಕ್ಕ ತೀರಾ ನಾಜೂಕಿನದು. ನಾನಂತೂ ಅದರ ಮೇಲೆ ಪಂಥ ಕಟ್ಟುವುದಿಲ್ಲ.

ಜಾರುವುದನ್ನು ಕಣ್ಣಾರೆ ನೋಡಬಹುದೇ? ಸುಮಾರು 370 ಜ್ಯೋತಿರ್ವರ್ಷ ದೂರದ ಪಿಡಿಎಸ್-70 ನಕ್ಷತ್ರದ ತಟ್ಟೆಯೊಳಗೆ ಎರಡು ಎಳೆಯ ಗ್ರಹ ಸಿಕ್ಕಿವೆ. ಒಂದರ ಸುದ್ದಿ 2018ರಲ್ಲಿ, ಇನ್ನೊಂದರದು 2019ರಲ್ಲಿ. ಆದರೆ ಅವು ಒಂದು ಸುತ್ತು ಬರಲೇ ನೂರಕ್ಕೂ ಹೆಚ್ಚು ವರ್ಷ ಬೇಕು. ಜಾರುವುದನ್ನು ಅಳೆಯುವ ಮಾತೇ ಇಲ್ಲ. ಅದಕ್ಕೆ ಶನಿಯ ಉಂಗುರಕ್ಕೇ ಬರಬೇಕು. ಅಲ್ಲಿರುವುದು ಅನಿಲ ಅಲ್ಲ, ಹಿಮದ ತುಣುಕುಗಳು. ಆದರೂ ತಟ್ಟೆಯೊಳಗಿನ ಕಾಯಕ್ಕೆ ತಟ್ಟೆಯ ಎಳೆತ ಇದ್ದೇ ಇದೆ. ಅಲ್ಲಿ ಬ್ಲೇರಿಯೋ ಅಂತ ಹೆಸರಿಟ್ಟ ಒಂದು ಪುಟಾಣಿ ಚಂದ್ರ ಇದೆ, ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ಗಾತ್ರ. ಕ್ಯಾಸಿನಿ ನೌಕೆ 2017ರಲ್ಲಿ ಮುಗಿಯುವವರೆಗೂ ಅದನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅದರ ದಾರಿ ನಿಜಕ್ಕೂ ಬದಲಾಯಿತು. ಆದರೆ ಒಂದೇ ಸಮನೆ ಒಳಕ್ಕಲ್ಲ, ಒಂದೇ ಸಮನೆ ಹೊರಕ್ಕೂ ಅಲ್ಲ. ಒಂದಷ್ಟು ಕಾಲ ಅತ್ತ, ಒಂದಷ್ಟು ಕಾಲ ಇತ್ತ. ತಟ್ಟೆ ನುಣುಪಾಗಿಲ್ಲ, ಅಲ್ಲಲ್ಲಿ ಗಂಟುಗಟ್ಟಿದೆ, ಅವು ಅದನ್ನು ತಳ್ಳುತ್ತಿವೆ ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪುತ್ತದೆ. ನನ್ನ ಅನಿಲದ ತಟ್ಟೆಯನ್ನೂ ನಾನೀಗ ಹಾಗೇ ಗಂಟುಗಂಟಾಗಿ ಮಾಡಿ ಓಡಿಸುತ್ತಿದ್ದೇನೆ. ಎರಡು ಕಾಲಮ್ಮಿನ ಬಾಕಿ ಧನಕ್ಕೂ ಋಣಕ್ಕೂ ಜಿಗಿಯುತ್ತಲೇ ಇದೆ.