‘ಆನ್ ದಿ ವಿರಲ್’ ಸರಿಯೋ, ‘ಇನ್ ವಿರಲ್’ ಸರಿಯೋ? ಇಂಗ್ಲೆಂಡಿನ ಬರೋ ಹೆಸರುಗಳ ಬಗ್ಗೆ ಟಿಪ್ಪಣಿ

ಊರಿನ ಹೆಸರಿಗೆ ‘ದಿ’ ಹಾಕಬಾರದು ಅಂತ ಶಾಲೆಯಲ್ಲೇ ಕಲಿತಿರುತ್ತೇವೆ. ಲಂಡನ್, ಲೀಡ್ಸ್, ಮೈಸೂರು, ಯಾವುದಕ್ಕೂ ‘ದಿ’ ಇಲ್ಲ. ಹೀಗಿರುವಾಗ ಒಂದು ಕಡೆ ‘ಆನ್ ದಿ ವಿರಲ್’ ಅಂತ ಓದುತ್ತೇವೆ, ಇನ್ನೊಂದು ಕಡೆ ‘ಇನ್ ವಿರಲ್’ ಅಂತ ಕಾಣುತ್ತೇವೆ. ಎರಡೂ ಸರಿಯೇ. ಆದರೆ ಎರಡೂ ಒಂದೇ ಜಾಗವಲ್ಲ.

ಲಿವರ್‌ಪೂಲ್ ಎದುರಿಗೆ, ಮರ್ಸಿ ಮತ್ತು ಡೀ ನದಿಗಳ ನಡುವೆ ಚಾಚಿಕೊಂಡಿರುವ ಪರ್ಯಾಯ ದ್ವೀಪದ ಹೆಸರು ವಿರಲ್. ‘ದಿ ವಿರಲ್ ಪೆನಿನ್ಸುಲಾ’ ಅನ್ನುವುದು ಬಾಯಲ್ಲಿ ಚಿಕ್ಕದಾಗಿ ‘ದಿ ವಿರಲ್’ ಆಗಿದೆ. ಪರ್ಯಾಯ ದ್ವೀಪ ಅಂದಮೇಲೆ ಅದರ ‘ಮೇಲೆ’ ಇರುತ್ತೇವೆ, ಹಾಗಾಗಿ ‘ಆನ್’. 1974ರ ಏಪ್ರಿಲ್ 1ರಂದು ಬರ್ಕನ್‌ಹೆಡ್, ವಾಲಸಿ ಮುಂತಾದ ಊರುಗಳನ್ನು ಸೇರಿಸಿ ಒಂದು ಹೊಸ ಬರೋ ಮಾಡಿದರು. ಅದಕ್ಕೂ ವಿರಲ್ ಅಂತಲೇ ಹೆಸರಿಟ್ಟರು. ಇದು ಆಡಳಿತದ ಘಟಕ. ಇದಕ್ಕೆ ಗಡಿ ಇದೆ, ಕೌನ್ಸಿಲ್ ಇದೆ. ಗಡಿಯ ‘ಒಳಗೆ’ ಇರುತ್ತೇವೆ, ಹಾಗಾಗಿ ‘ಇನ್ ವಿರಲ್’. ಕೌನ್ಸಿಲ್ ಕೂಡ ‘ವಿರಲ್ ಕೌನ್ಸಿಲ್’, ಮುಂದೆ ‘ದಿ’ ಇಲ್ಲ.

ಇಲ್ಲೇ ಇರುವುದು ಮಜಾ. ಆ ಬರೋ ಪರ್ಯಾಯ ದ್ವೀಪವನ್ನು ಪೂರ್ತಿ ಆವರಿಸುವುದಿಲ್ಲ. ದಕ್ಷಿಣದ ನೆಸ್ಟನ್ ಊರು ‘ಚೆಷರ್ ವೆಸ್ಟ್ ಆ್ಯಂಡ್ ಚೆಸ್ಟರ್’ ಆಡಳಿತಕ್ಕೆ ಸೇರಿದೆ. ನೆಸ್ಟನ್‌ನವರು ‘ಐ ಲಿವ್ ಆನ್ ದಿ ವಿರಲ್’ ಅಂದರೆ ನೂರಕ್ಕೆ ನೂರು ನಿಜ. ‘ಐ ಲಿವ್ ಇನ್ ವಿರಲ್’ ಅಂದರೆ ತಪ್ಪು, ಏಕೆಂದರೆ ಅವರ ಕೌನ್ಸಿಲ್ ತೆರಿಗೆ ಬೇರೆ ಕಡೆ ಹೋಗುತ್ತದೆ. ಬರ್ಕನ್‌ಹೆಡ್‌ನವರು ಮಾತ್ರ ಎರಡನ್ನೂ ಹೇಳಬಹುದು. ‘ಇನ್ ದಿ ವಿರಲ್’ ಅನ್ನುವವರೂ ಇದ್ದಾರೆ. ಕಲಿಯುವವರು ಮೊದಲಿನ ಎರಡನ್ನೇ ಹಿಡಿದುಕೊಂಡರೆ ಗೊಂದಲ ಕಡಿಮೆ.

ವಿರಲ್ ಬಿಟ್ಟು ಉಳಿದ ಬರೋಗಳಿಗೆ ಬಂದರೆ ಕೆಲಸ ಸುಲಭ. ‘ದಿ’ ಅಂಟಿಕೊಳ್ಳುವುದು ಊರಿನ ಹೆಸರಿಗಲ್ಲ, ‘ಬರೋ’ ಅನ್ನುವ ಪದಕ್ಕೆ. ‘ಶೀ ವರ್ಕ್ಸ್ ಇನ್ ಹ್ಯಾಕ್ನಿ’ ಅನ್ನುವಾಗ ‘ದಿ’ ಇಲ್ಲ. ‘ಶೀ ವರ್ಕ್ಸ್ ಇನ್ ದಿ ಲಂಡನ್ ಬರೋ ಆಫ್ ಹ್ಯಾಕ್ನಿ’ ಅನ್ನುವಾಗ ಬೇಕೇ ಬೇಕು. ನಾವು ‘ಜಯನಗರ ವಾರ್ಡ್’ ಅನ್ನುವ ರೂಢಿಯಲ್ಲಿ ‘ಹ್ಯಾಕ್ನಿ ಬರೋ’ ಅಂತ ಬರೆದುಬಿಡುತ್ತೇವೆ. ಅರ್ಥವೇನೋ ಆಗುತ್ತದೆ, ಆದರೆ ಅಧಿಕೃತ ಹೆಸರಿನಲ್ಲಿ ‘ಬರೋ ಆಫ್’ ಮೊದಲು, ಊರು ಆಮೇಲೆ. ಅಂದಹಾಗೆ, ಬ್ರಿಟಿಷರ ಬಾಯಲ್ಲಿ ಆ ಪದದ ಕೊನೆ ‘ರೋ’ ಅಲ್ಲ. ‘ಬರ’ ಅಂತ ಸಡಿಲವಾಗಿ ಬಿಟ್ಟಂತೆ ಕೇಳುತ್ತದೆ. ‘ಬರೋ’ ಅಮೆರಿಕದವರ ಉಚ್ಚಾರಣೆಗೆ ಹತ್ತಿರ. ಕನ್ನಡದಲ್ಲಿ ರೂಢಿಯಾಗಿರುವುದರಿಂದ ಇಲ್ಲಿ ಅದನ್ನೇ ಬಳಸಿದ್ದೇನೆ.

ನಮಗೆ ಹತ್ತಿರದ ಉದಾಹರಣೆ ಲ್ಯಾಂಬೆತ್. ಲಂಡನ್ನಿನ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಅಟ್ ಲ್ಯಾಂಬೆತ್’ ಅಂತ ಬರೆಯುವ ಆಸೆ ಆಗುತ್ತದೆ, ಅಲ್ವಾ? ಆದರೆ ‘ಅಟ್’ ಒಂದು ನಿರ್ದಿಷ್ಟ ಬಿಂದುವಿಗೆ: ನಿಲ್ದಾಣ, ಗೇಟು, ಸಿಗ್ನಲ್. ಬರೋ ಅಂದರೆ ದೊಡ್ಡ ಪ್ರದೇಶ. ಅದಕ್ಕೆ ‘ಇನ್’ ಬೇಕು. ನದಿಯ ದಂಡೆಗೆ ‘ಆನ್’. ಒಟ್ಟು ವಾಕ್ಯ ಹೀಗೆ: ‘ದಿ ಸ್ಟ್ಯಾಚ್ಯೂ ಸ್ಟ್ಯಾಂಡ್ಸ್ ಆನ್ ದಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಇನ್ ಲ್ಯಾಂಬೆತ್’. ಪಾರ್ಲಿಮೆಂಟ್ ಇರುವುದು ಥೇಮ್ಸ್ ನದಿಯ ಆಚೆ ದಡದಲ್ಲಿ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಆದ್ದರಿಂದ ‘ಇನ್ ಫ್ರಂಟ್ ಆಫ್ ಪಾರ್ಲಿಮೆಂಟ್’ ಅನ್ನುವುದಕ್ಕಿಂತ ‘ಅಕ್ರಾಸ್ ದಿ ರಿವರ್ ಫ್ರಮ್ ಪಾರ್ಲಿಮೆಂಟ್’ ಹೆಚ್ಚು ಸರಿ.

ಕಲಬುರಗಿ ಮೂಲದ ನೀರಜ್ ಪಾಟೀಲ್ ಒಮ್ಮೆ ಇದೇ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಅವರನ್ನು ‘ಮೇಯರ್ ಆಫ್ ಲ್ಯಾಂಬೆತ್’ ಅಂತಲೇ ಬರೆಯಬೇಕು. ಅದನ್ನು ‘ಲಂಡನ್ ಮೇಯರ್’ ಅಂತ ಚಿಕ್ಕದು ಮಾಡಿದರೆ ಹುದ್ದೆಯೇ ಬದಲಾಗುತ್ತದೆ. ‘ಮೇಯರ್ ಆಫ್ ಲಂಡನ್’ ಇಡೀ ನಗರಕ್ಕೆ, 2000ದಿಂದ ಜನರೇ ಆರಿಸುವ ಹುದ್ದೆ. ‘ಲಾರ್ಡ್ ಮೇಯರ್ ಆಫ್ ಲಂಡನ್’ ಇನ್ನೂ ಬೇರೆ. ಅವರು ‘ಸಿಟಿ ಆಫ್ ಲಂಡನ್’ ಅನ್ನುವ ಹಳೆಯ ಪುಟ್ಟ ಭಾಗಕ್ಕೆ ಮಾತ್ರ.

ಈ ‘ಸಿಟಿ’ ಬೇರೆ ತಲೆ ತಿನ್ನುತ್ತದೆ. 1965ರ ಏಪ್ರಿಲ್ 1ರಿಂದ ಲಂಡನ್ನಿನಲ್ಲಿ 32 ಬರೋಗಳಿವೆ. ಸಿಟಿ ಆಫ್ ಲಂಡನ್ ಅವುಗಳಲ್ಲಿ ಒಂದಲ್ಲ. ಆದರೆ ಸಿಟಿ ಆಫ್ ವೆಸ್ಟ್‌ಮಿನ್‌ಸ್ಟರ್ ಆ 32ರಲ್ಲಿ ಒಂದು! ಬರೋ ಆಗಿದ್ದರೂ ಅದಕ್ಕೆ ‘ಸಿಟಿ’ ಅನ್ನುವ ಸ್ಥಾನಮಾನ ಇರುವುದರಿಂದ ಹೆಸರಿನಲ್ಲಿ ‘ಸಿಟಿ’ ಅಂತ ಬರೆಯುತ್ತಾರೆ. ಕೆಲವಕ್ಕೆ ‘ರಾಯಲ್’ ಗೌರವವೂ ಇದೆ: ಕೆನ್ಸಿಂಗ್ಟನ್ ಆ್ಯಂಡ್ ಚೆಲ್ಸಿ, ಕಿಂಗ್‌ಸ್ಟನ್ ಅಪಾನ್ ಥೇಮ್ಸ್, 2012ರಿಂದ ಗ್ರಿನಿಚ್. ಇವುಗಳ ಪೂರ್ಣ ಹೆಸರು ‘ದಿ ರಾಯಲ್ ಬರೋ ಆಫ್...’ ಅಂತ ಶುರುವಾಗುತ್ತದೆ.

ಕಿಂಗ್‌ಸ್ಟನ್‌ನಲ್ಲಿ ಒಂದು ಸೂಕ್ಷ್ಮ ಇದೆ. ನದಿಯ ಹೆಸರಿಗೆ ಇಂಗ್ಲಿಷಿನಲ್ಲಿ ‘ದಿ’ ಬೇಕು. ಆದರೆ ನದಿ ಊರಿನ ಹೆಸರೊಳಗೆ ಸೇರಿಕೊಂಡರೆ ಅದು ಬಿದ್ದುಹೋಗುತ್ತದೆ. ‘ಕಿಂಗ್‌ಸ್ಟನ್ ಅಪಾನ್ ಥೇಮ್ಸ್ ಈಸ್ ಆನ್ ದಿ ಥೇಮ್ಸ್’. ಒಂದೇ ವಾಕ್ಯದಲ್ಲಿ ಎರಡೂ ಬಂದವು ನೋಡಿ. ನಡುಗೆರೆ ವಿಚಾರದಲ್ಲಿ ಮಾತ್ರ ನಿಯಮ ಹುಡುಕಬೇಡಿ. ನ್ಯೂಕಾಸಲ್ ಅಪಾನ್ ಟೈನ್‌ಗೆ ನಡುಗೆರೆ ಇಲ್ಲ, ನ್ಯೂಕಾಸಲ್-ಅಂಡರ್-ಲೈಮ್‌ಗೆ ಇದೆ, ಸ್ಟಾಕ್‌ಟನ್-ಆನ್-ಟೀಸ್‌ಗೂ ಇದೆ. ಸುಮ್ನೆ ಬಾಯಿಪಾಠ ಮಾಡಬೇಕು.

ಕ್ರಿಯಾಪದದ ಮಾತು ಬೇಗ ಮುಗಿಯುತ್ತದೆ. ಹೆಸರು ಬಹುವಚನದಂತೆ ಕಂಡರೂ ಬರೋ ಒಂದೇ. ಹಾಗಾಗಿ ‘ಟವರ್ ಹ್ಯಾಮ್ಲೆಟ್ಸ್ ಈಸ್’, ‘ವಿಂಡ್ಸರ್ ಆ್ಯಂಡ್ ಮೇಡನ್‌ಹೆಡ್ ಹ್ಯಾಸ್’. ಎರಡನೆಯದರಲ್ಲಿ ಬರೋ ಬಿಟ್ಟು ಎರಡು ಊರುಗಳ ಬಗ್ಗೆಯೇ ಹೇಳುತ್ತಿದ್ದರೆ ಆಗ ‘ಆರ್’, ‘ಹ್ಯಾವ್’ ಬರುತ್ತವೆ.

ಕಾಗುಣಿತದಲ್ಲಿ ಜಾಸ್ತಿ ಕಾಡುವುದು ಮಿಡಲ್ಸ್‌ಬ್ರೋ. ಕೊನೆಯ ಭಾಗ ‘ಬರೋ’ ಪದದಂತೆ ಕಂಡರೂ ಬಿ ಮತ್ತು ಆರ್ ನಡುವೆ ಒ ಅಕ್ಷರ ಇಲ್ಲ. ‘ದಿ ಬರೋ ಆಫ್ ಮಿಡಲ್ಸ್‌ಬ್ರೋ’ ಅಂತ ಬರೆಯುವಾಗ ಒಂದರಲ್ಲಿ ಒ ಹಾಕಿ, ಇನ್ನೊಂದರಲ್ಲಿ ಬಿಡಬೇಕು. ಸ್ಕಾರ್‌ಬರೋದಲ್ಲಿ ಆ ಒ ಇದೆ. ಆದರೆ ಅಲ್ಲಿನ ಬರೋ ಕೌನ್ಸಿಲ್ 2023ರ ಏಪ್ರಿಲ್‌ನಲ್ಲಿ ರದ್ದಾಯಿತು. ಈಗ ಅದು ಬರೀ ಊರು, ಬರೋ ಅಲ್ಲ. ಉತ್ತರ ಲಂಡನ್ನಿನಲ್ಲಿ ಹ್ಯಾರಿಂಗೇ ಅನ್ನುವ ಜೋಡಿ ಇದೆ. ಬರೋ ಹೆಸರಿಗೆ ಒಂದು ಆರ್, ಕೊನೆಗೆ ಇ-ವೈ. ಅದರೊಳಗಿನ ಬಡಾವಣೆಗೆ ಎರಡು ಆರ್, ಕೊನೆಗೆ ಎ-ವೈ. ಯಾರಿಗೆ ಹೊಳೆಯಿತೋ ಇಂಥ ಐಡಿಯಾ! ಓದುವಾಗ ಲಂಡನ್ನಿನ ಸದಕ್ (Southwark) ಬರೋ ಹೆಸರಿನಲ್ಲಿರುವ ಡಬ್ಲ್ಯೂ ಅಕ್ಷರವನ್ನು ಉಚ್ಚರಿಸಬೇಡಿ. ಗ್ರಿನಿಚ್‌ನಲ್ಲೂ ಅದೇ.

ಕೊನೆಗೆ ವಿಳಾಸ. ಲಂಡನ್ನಿಗೆ ಟಪಾಲು ಕಳಿಸುವಾಗ ಬರೋ ಹೆಸರು ಬರೆಯುವ ಅಗತ್ಯವಿಲ್ಲ. ಮನೆ ನಂಬರ್, ರಸ್ತೆ, ಲಂಡನ್, ಪೋಸ್ಟ್‌ಕೋಡ್, ಹೊರದೇಶದಿಂದಾದರೆ ದೇಶದ ಹೆಸರು, ಇಷ್ಟು ಸಾಕು. ಮಾತಿನಲ್ಲೂ ಲ್ಯಾಂಬೆತ್ ಬರೋದೊಳಗಿನ ಬ್ರಿಕ್ಸ್‌ಟನ್‌ನಲ್ಲಿ ಇರುವವರು ಸಾಮಾನ್ಯವಾಗಿ ‘ಐ ಲಿವ್ ಇನ್ ಬ್ರಿಕ್ಸ್‌ಟನ್’ ಅನ್ನುತ್ತಾರೆ. ಲ್ಯಾಂಬೆತ್ ಹೆಸರು ಬಾಯಿಗೆ ಬರುವುದು ಕೌನ್ಸಿಲ್ ತೆರಿಗೆ, ಕಸ, ಪಾರ್ಕಿಂಗ್ ಮಾತು ಬಂದಾಗ.