ಮೊದಲು ಅಟ್ಟ ಇಳಿಸಿ, ಆಮೇಲೆ ಗಾಡಿ ಕರೆಯಿರಿ

"ಹೆಚ್ಚೇನಿಲ್ಲ ಅಣ್ಣಾ. ಎರಡು ಮಂಚ, ಒಂದು ಬೀರು, ಫ್ರಿಜ್, ವಾಷಿಂಗ್ ಮಷೀನ್, ಅಡುಗೆಮನೆಯ ಪಾತ್ರೆ. ಒಂದು ಗಾಡಿ ಸಾಕು."

ದಾವಣಗೆರೆಯಲ್ಲಿ ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಇಳಿದು ಇಪ್ಪತ್ತೆರಡು ವರ್ಷಗಳಾದವು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಫೋನ್ ಮಾಡಿದವರು ಸುಳ್ಳು ಹೇಳುವುದಿಲ್ಲ. ಅವರು ಹೇಳಿದ್ದೆಲ್ಲ ಮನೆಯಲ್ಲಿ ಇದ್ದೇ ಇರುತ್ತದೆ. ಹೇಳದೆ ಬಿಟ್ಟದ್ದು ಅವರ ತಲೆಯ ಮೇಲಿರುತ್ತದೆ, ಅಟ್ಟದಲ್ಲಿ.

ಪೆಟ್ಟಿಗೆ ಎಲ್ಲಿ ಸಿಗುತ್ತದೆ, ಗಾಜನ್ನು ಹೇಗೆ ಸುತ್ತಬೇಕು, ಇವನ್ನೆಲ್ಲ ಜನ ತಾವೇ ತಿಳಿದುಕೊಂಡಿರುತ್ತಾರೆ. ಕನ್ನಡಿಗೆ ಹಳೆಯ ಕೌದಿ ಸುತ್ತುವ ಉಪಾಯವನ್ನು ನನಗೆ ಕಲಿಸಿದವರು ಕೆ.ಟಿ.ಜೆ. ನಗರದ ಒಬ್ಬ ಅಜ್ಜಿ. ಆದರೆ ಅಟ್ಟದ ವಿಷಯದಲ್ಲಿ ಓದಿದವರು, ಓದದವರು, ಲೆಕ್ಕ ಪರಿಶೋಧಕರು, ಎಂಜಿನಿಯರುಗಳು ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಅಟ್ಟಕ್ಕೆ ನಾವು ಹತ್ತುವುದು ವರ್ಷಕ್ಕೆ ಒಂದೋ ಎರಡೋ ಸಲ, ಯುಗಾದಿಗೋ ದಸರೆಗೋ ಧೂಳು ಹೊಡೆಯುವಾಗ. ಉಳಿದ ದಿನ ಅದು ಪರದೆಯ ಹಿಂದೆ ಇರುತ್ತದೆ. ಸಾಮಾನಿನ ಪಟ್ಟಿ ಮಾಡಲು ಕುಳಿತವರು ಕೋಣೆಯ ನಡುವೆ ನಿಂತು ಸುತ್ತ ನೋಡುತ್ತಾರೆ, ಮೇಲೆ ನೋಡುವುದಿಲ್ಲ.

ಬಾಯಿಮಾತು ಬೇಡ, ಅಳತೆ ಹಾಕೋಣ. ನಮ್ಮ ಊರಿನ ಸಾಧಾರಣ ಮಲಗುವ ಕೋಣೆಯ ಅಟ್ಟ 10 ಅಡಿ ಉದ್ದ, 2 ಅಡಿ ಆಳ, ಎರಡೂವರೆ ಅಡಿ ಎತ್ತರ ಇರುತ್ತದೆ. ಗುಣಿಸಿದರೆ 50 ಘನ ಅಡಿ. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ ಎಂದರೆ ಅಂಥವು ಮೂರು, ಒಟ್ಟು 150 ಘನ ಅಡಿ. ಈಗ ಬಾಗಿಲಲ್ಲಿ ನಿಂತಿರುವ ಟಾಟಾ ಏಸ್ ಗಾಡಿಯನ್ನು ನೋಡಿ. ಅದರ ಹಿಂಬದಿ ಸುಮಾರು 7 ಅಡಿ ಉದ್ದ, 4 ಅಡಿ 8 ಇಂಚು ಅಗಲ. 5 ಅಡಿ ಎತ್ತರಕ್ಕೆ ಪೇರಿಸಿದರೂ ಸಿಗುವ ಜಾಗ 160 ಘನ ಅಡಿಗಿಂತ ತುಸು ಹೆಚ್ಚು. ತುಂಬಿದ ಮೂರು ಅಟ್ಟ ಇದ್ದರೆ ಒಂದು ಟಾಟಾ ಏಸ್ ಅದಕ್ಕೇ ಬೇಕು. ಮಂಚ, ಬೀರು, ಫ್ರಿಜ್ ಇನ್ನೂ ಮನೆಯೊಳಗೇ ಉಳಿದಿರುತ್ತವೆ.

ಎಲ್ಲ ಅಟ್ಟವೂ ಅಂಚಿನವರೆಗೆ ತುಂಬಿರುವುದಿಲ್ಲ, ಅದು ನಿಜ. ನಿಮ್ಮ ಮನೆ ನೋಡದೆ ನಾನು ಖಚಿತವಾಗಿ ಏನನ್ನೂ ಹೇಳಲಾರೆ. ಆದರೆ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಅಟ್ಟದಲ್ಲಿದ್ದ ಸಾಮಾನು ಕೆಳಗಿಳಿದ ಮೇಲೆ ಹೆಚ್ಚು ಜಾಗ ಬೇಡುತ್ತದೆ. ಮೇಲೆ ಹಂಡೆಯೊಳಗೆ ಕೊಳಗ, ಕೊಳಗದೊಳಗೆ ತಪ್ಪಲೆ, ಸಂದಿಯಲ್ಲಿ ಮೊರ, ತೊಟ್ಟಿಲ ಹೊಟ್ಟೆಯಲ್ಲಿ ಹಳೆಯ ದಿಂಬು ಹೀಗೆ ಹತ್ತು ವರ್ಷಗಳಲ್ಲಿ ಒಂದೊಂದಾಗಿ ತುರುಕಿರುತ್ತೀರಿ. ಆ ಜೋಡಣೆಯನ್ನು ಹಮಾಲರು ಹತ್ತು ನಿಮಿಷಗಳಲ್ಲಿ ಗಾಡಿಯ ಮೇಲೆ ಮತ್ತೆ ಕಟ್ಟಲಾರರು.

ಜಾಗ ಸಿಕ್ಕರೂ ತೂಕ ಬಿಡುವುದಿಲ್ಲ. ಅಟ್ಟದಲ್ಲಿ ಇರುವುದೇ ಭಾರದ ವಸ್ತುಗಳು: ತಾಮ್ರ, ಹಿತ್ತಾಳೆ, ಮಕ್ಕಳ ಹಳೆಯ ಪುಸ್ತಕ. 18 ಇಂಚು ಉದ್ದ, ಅಗಲ, ಎತ್ತರದ ಒಂದು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬಿ ನೋಡಿ, 50 ಕಿಲೋ ದಾಟುತ್ತದೆ. ಪೆಟ್ಟಿಗೆಯ ತಳ ಕಳಚುವುದು ಮೆಟ್ಟಿಲ ಮೇಲೆಯೇ. ಸಣ್ಣ ಗಾಡಿ ಹೊರಬಹುದಾದ ಭಾರ ಮುಕ್ಕಾಲು ಟನ್ನಿನ ಆಸುಪಾಸು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಿತಿಮೀರಿ ಹೇರಿದರೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. "ಇದೊಂದು ಮೂಟೆ ಹಾಕಿಬಿಡಿ" ಎನ್ನುವವರಿಗೆ ನಾನು ದಂಡದ ಹೆದರಿಕೆ ತೋರಿಸಲು ಇದನ್ನು ಹೇಳುವುದಿಲ್ಲ. ಭಾರ ಹೆಚ್ಚಾದ ಗಾಡಿಗೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಸ್ಟೇರಿಂಗ್ ಹಿಡಿದು ಕುಳಿತವನು ನನ್ನ ಹುಡುಗ.

ನಾನು ಇಷ್ಟು ಕಟ್ಟುನಿಟ್ಟಾಗಲು ವಿದ್ಯಾನಗರದ ಒಂದು ಮನೆ ಕಾರಣ. ನಿವೃತ್ತ ಶಿಕ್ಷಕಿ, ಪತಿ ತೀರಿಕೊಂಡಿದ್ದರು, ಮಗಳು ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದರು. ಫೋನಿನಲ್ಲಿ ಕೊಟ್ಟ ಪಟ್ಟಿಯನ್ನು ನಂಬಿ 14 ಅಡಿಯ ಕ್ಯಾಂಟರ್ ಕಳುಹಿಸಿದೆ. ಮಧ್ಯಾಹ್ನ ಹನ್ನೆರಡಕ್ಕೆ ಗಾಡಿ ತುಂಬಿತು, ಹಗ್ಗ ಬಿಗಿದೆವು. ಆಗ ಅವರು ಮೆಲ್ಲನೆ ಹೇಳಿದರು: "ಇನ್ನು ಸ್ವಲ್ಪ ಮೇಲಿದೆಯಪ್ಪಾ." ಏಣಿ ಹಾಕಿ ಇಳಿಸಿದೆವು, ಇಳಿಸಿದಷ್ಟೂ ಬಂತು. ಗೊಂಬೆಗಳ ಮೂರು ಟ್ರಂಕು, ತಾಮ್ರದ ಹಂಡೆ, ಮಗಳ ತೊಟ್ಟಿಲು, ಗಂಡ ಓದುತ್ತಿದ್ದ ಮಾಸಪತ್ರಿಕೆಗಳ ಕಟ್ಟುಗಳು, ಹನ್ನೊಂದು ಗೋಣಿಚೀಲ. ಊರೊಳಗಿನ ಸಾಗಣೆಯಾಗಿದ್ದರೆ ಇನ್ನೊಂದು ಸುತ್ತು ಹೊಡೆಯುತ್ತಿದ್ದೆವು. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಎರಡನೆಯ ಸುತ್ತು ಎಂದರೆ ಎರಡನೆಯ ಬಾಡಿಗೆ.

ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಆ ತಾಯಿ ನಡುಹಗಲಿನ ಬಿಸಿಲಲ್ಲಿ, ಅಂಗಳದಲ್ಲಿ, ನಾಲ್ವರು ಹಮಾಲರು ಕಾಯುತ್ತಿರುವಾಗ ತೀರ್ಮಾನಿಸಬೇಕಾಯಿತು. ನಲವತ್ತು ವರ್ಷಗಳ ಬದುಕನ್ನು ಅರ್ಧ ಗಂಟೆಯಲ್ಲಿ ಆರಿಸುವುದು ಯಾರಿಗೂ ಆಗುವ ಕೆಲಸವಲ್ಲ. ಗೊಂಬೆ ಟ್ರಂಕುಗಳನ್ನು ಹೇಗೋ ಸೇರಿಸಿದೆವು. ತೊಟ್ಟಿಲು ಪಕ್ಕದ ಮನೆಯವರ ಪಾಲಾಯಿತು. ಗಾಡಿ ಹೊರಟಾಗ ಅವರು ತೊಟ್ಟಿಲ ಕಾಲನ್ನು ಮುಟ್ಟಿ ನಿಂತಿದ್ದರು. ಮೊದಲೇ ಹೋಗಿ ನೋಡದೆ ಗಾಡಿ ಕಳುಹಿಸಿದ ತಪ್ಪು ನನ್ನದು. ಅಂದಿನಿಂದ ಸ್ಟೂಲ್ ಹತ್ತಿ ಅಟ್ಟ ನೋಡದೆ ನಾನು ಯಾರಿಗೂ ಬಾಡಿಗೆ ಹೇಳುವುದಿಲ್ಲ.

ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ಬಂದ ಕೆಲವರು "ಎರಡು ವರ್ಷ ಮುಟ್ಟದ್ದನ್ನೆಲ್ಲ ಗುಜರಿಗೆ ಹಾಕಿ" ಎಂದು ಸಲಹೆ ಕೊಡುತ್ತಾರೆ. ಈ ಊರಿಗೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ ದುಗ್ಗಮ್ಮನ ಜಾತ್ರೆ ನಡೆಯುವುದೇ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ, ಆಗ ಬೇಕಾಗುವ ದೊಡ್ಡ ಪಾತ್ರೆಗಳು ಉಳಿದ ದಿನಗಳನ್ನು ಅಟ್ಟದಲ್ಲೇ ಕಳೆಯುತ್ತವೆ. ಅದು ಕಸವಲ್ಲ. ಆದರೆ ಅದೇ ಅಟ್ಟದಲ್ಲಿ ಸುಟ್ಟುಹೋದ ಮಿಕ್ಸಿ, ಹಿಡಿ ಮುರಿದ ಕುಕ್ಕರ್, ಹಳೆಯ ಟಿ.ವಿ.ಯ ಖಾಲಿ ಪೆಟ್ಟಿಗೆ, ಯಾವ ಬೀಗದ್ದೆಂದು ತಿಳಿಯದ ಕೀಲಿಕೈ ಗೊಂಚಲು ಕೂಡ ಇರುತ್ತವೆ. ಎರಡನ್ನೂ ಬೇರೆ ಮಾಡಬಲ್ಲವರು ಮನೆಯವರು ಮಾತ್ರ. ನನ್ನ ಹುಡುಗರಿಗೆ ಅಜ್ಜಿಯ ರೊಟ್ಟಿ ಹಂಚಿಗೂ ತುಕ್ಕು ತಗಡಿಗೂ ವ್ಯತ್ಯಾಸ ತಿಳಿಯದು.

ಆದ್ದರಿಂದ ಸಾಗಣೆಗೆ ಮೂರು ವಾರ ಇರುವಾಗಲೇ ಶುರುಮಾಡಿ. ಒಂದು ಭಾನುವಾರಕ್ಕೆ ಒಂದು ಅಟ್ಟ. ಮೇಲೇ ಕುಳಿತು ಆರಿಸಬೇಡಿ. ಪೂರ್ತಿ ಇಳಿಸಿ ಪಡಸಾಲೆಯ ನೆಲದ ಮೇಲೆ ಹರಡಿ. ಮನೆಯ ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿ. ಅವರ ಮಾತುಗಳಿಗೆ ಸಮಯ ಕೊಡಿ. ಗಿರಣಿಯಲ್ಲಿ ದುಡಿದವರ ಮನೆಯೊಂದರಲ್ಲಿ ಟಿಫಿನ್ ಡಬ್ಬಿಯೊಂದರ ಕಥೆ ಮುಗಿಯಲು ಒಂದು ಗಂಟೆ ಹಿಡಿಯಿತು. ಆ ಗಂಟೆ ವ್ಯರ್ಥವಾಗಲಿಲ್ಲ. ಕಥೆ ಹೇಳಿ ಮುಗಿಸಿದ ಅಜ್ಜ ಡಬ್ಬಿಯನ್ನು ತಾವೇ ಮೊಮ್ಮಗನ ಕೈಗಿತ್ತು, ಉಳಿದ ಎರಡು ಮೂಟೆಗಳನ್ನು ಕೊಟ್ಟುಬಿಡಲು ಒಪ್ಪಿದರು. ಇಳಿಸಿದ ಸಾಮಾನನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಭಾರದ್ದನ್ನು ಚಿಕ್ಕ ಪೆಟ್ಟಿಗೆಗೆ, ಹಗುರಾದದ್ದನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಗೋಡೆಗೆ ಒತ್ತಿ ಇಡಿ. ಒಬ್ಬನೇ ಎತ್ತಬಹುದಾದಷ್ಟು, ಎಂದರೆ 20 ಕಿಲೋ ಒಳಗೆ ಇರಲಿ. ಇದಾದ ಮೇಲೆ ನನ್ನಂಥವರನ್ನು ಕರೆಯಿರಿ. ಆಗ ನಾವು ಹೇಳುವ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಇದೇ ವಿಷಯದ ಇನ್ನೊಂದು ಮುಖವನ್ನೂ ಹೇಳಬೇಕು. ಹೋಗುವ ಮನೆಯಲ್ಲಿ ಅಟ್ಟ ಇದೆಯೇ? ಪಿ.ಜೆ. ಬಡಾವಣೆಯ ಹಳೆಯ ಮನೆಗಳಲ್ಲಿ ಮನುಷ್ಯ ಮಲಗುವಷ್ಟು ಆಳದ ಅಟ್ಟಗಳನ್ನು ಕಂಡಿದ್ದೇನೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅಲಂಕಾರದ ಚಾವಣಿ ಹಾಕಿ ಅಟ್ಟವನ್ನೇ ತೆಗೆದುಹಾಕಿರುತ್ತಾರೆ, ಇದ್ದರೂ ಪ್ಲೈವುಡ್ ಬಾಗಿಲಿನ ಕಿರಿದಾದ ಬಾಯಿ. ಹಂಡೆಯ ಹೊಟ್ಟೆ 2 ಅಡಿ, ಅಟ್ಟದ ಬಾಯಿ ಒಂದೂವರೆ ಅಡಿ ಎಂದರೆ ಹಂಡೆ ಬಾಲ್ಕನಿಯಲ್ಲೇ ಉಳಿಯುತ್ತದೆ. ಮುಂಗಡ ಕೊಡಲು ಹೋದ ದಿನವೇ ಟೇಪು ಹಿಡಿದು ಹೋಗಿ, ಅಟ್ಟದ ಬಾಯಿಯನ್ನೂ ಮೆಟ್ಟಿಲ ತಿರುವನ್ನೂ ಅಳೆದುಕೊಳ್ಳಿ. ಮಂಚ, ಬೀರುಗಳ ಅಳತೆ ಎಲ್ಲರೂ ಹಿಡಿಯುತ್ತಾರೆ, ಇದನ್ನು ಯಾರೂ ಹಿಡಿಯುವುದಿಲ್ಲ.

ಮುಹೂರ್ತದ ಬಗ್ಗೆಯೂ ಎರಡು ಮಾತು. ಆಷಾಢದಲ್ಲಿ ನಮಗೆ ಕೆಲಸ ಕಡಿಮೆ. ಶ್ರಾವಣ ಹುಟ್ಟಿದ ಕೂಡಲೇ ಊರಿಗೆಲ್ಲ ಅದೇ ನಾಲ್ಕು ಒಳ್ಳೆಯ ದಿನ ಬೇಕು. ಶಾಸ್ತ್ರಕ್ಕೆ ನಾನು ಅಡ್ಡ ಬರುವುದಿಲ್ಲ, ನನ್ನ ಮನೆಯಲ್ಲೂ ದಿನ ನೋಡಿಯೇ ಹಾಲುಕ್ಕಿಸಿದ್ದು. ಆದರೆ ಒಳ್ಳೆಯ ಗಳಿಗೆ ಬೇಕಿರುವುದು ದೇವರ ಪಟ, ದೀಪ, ಹಾಲು, ಅಕ್ಕಿಬೇಳೆಗೆ. ಅವನ್ನು ಕಾರಿನಲ್ಲೋ ಆಟೊದಲ್ಲೋ ಒಯ್ದು ಹಾಲುಕ್ಕಿಸಿ ಬನ್ನಿ. ಅಟ್ಟದ ಪೆಟ್ಟಿಗೆಗಳನ್ನು ಮಾರನೆಯ ದಿನ ಒಂದು ಸಣ್ಣ ಗಾಡಿಯಲ್ಲಿ ಕಳುಹಿಸಿ. ಮಂಚ, ಬೀರು ಆ ವಾರ ಯಾವ ದಿನ ಹೋದರೂ ನಡೆಯುತ್ತದೆ. ಹೀಗೆ ಮಾಡಿದವರ ಮನೆಗಳಲ್ಲಿ ಸಾಗಣೆಯ ದಿನ ಯಾರೂ ಕೂಗಾಡಿದ್ದನ್ನು ನಾನು ಕಂಡಿಲ್ಲ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒಣಗಿಸಿ. ನಿಲ್ಲಿಸಿಯೇ ಒಯ್ಯಬೇಕು, ಹೊಸ ಮನೆಯಲ್ಲಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಮುಂಬಾಗಿಲಿನ ವಾಷಿಂಗ್ ಮಷೀನಿನ ಜೊತೆ ಬಂದಿದ್ದ ಉದ್ದನೆಯ ಬೋಲ್ಟುಗಳನ್ನು ಹುಡುಕಿ ಹಾಕಿಸಿ, ಇಲ್ಲದಿದ್ದರೆ ಒಳಗಿನ ಡ್ರಮ್ ದಾರಿಯುದ್ದಕ್ಕೂ ಹೊಡೆದಾಡುತ್ತದೆ. ಅವು ಸಾಮಾನ್ಯವಾಗಿ ಅಟ್ಟದಲ್ಲೇ ಸಿಗುತ್ತವೆ. 150 ಎ.ಎಚ್. ಇನ್ವರ್ಟರ್ ಬ್ಯಾಟರಿ 50 ಕಿಲೋ ದಾಟುತ್ತದೆ, ಒಳಗೆ ಆಮ್ಲವಿದೆ, ಓರೆ ಮಾಡಬಾರದು. ಅಡುಗೆ ಅನಿಲದ ಸಂಪರ್ಕವನ್ನು ಬೇರೆ ಊರಿಗೆ ಬದಲಿಸುವವರು ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಇಲ್ಲಿನ ವಿತರಕರಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಅವರು ಕೊಡುವ ಪತ್ರವನ್ನು ಜೋಪಾನ ಮಾಡಿ. ಬೆಂಗಳೂರಿಗೆ ಹೋಗುವವರು ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಸಾಮಾನು ಏರಿಸಲು ಯಾವ ಹೊತ್ತಿಗೆ ಬಿಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಆ ನಗರದಲ್ಲಿ ಹಗಲಿನ ಕೆಲವು ಹೊತ್ತು ಸರಕು ವಾಹನಗಳಿಗೆ ನಿರ್ಬಂಧವೂ ಇದೆ.

ಮನೆ ಖಾಲಿಯಾದ ಮೇಲೆ, ಮಾಲೀಕರಿಗೆ ಬೀಗ ಕೊಡುವ ಮೊದಲು, ಏಣಿಯನ್ನು ಇನ್ನೊಮ್ಮೆ ಹಾಕಿಸಿ. ಟಾರ್ಚ್ ಹಿಡಿದು ಅಟ್ಟದ ಮೂಲೆಯವರೆಗೂ ಕೈಯಾಡಿಸಲು ಹೇಳಿ. ಕೆಳಗಿನಿಂದ ನೋಡಿದರೆ ಖಾಲಿಯಾಗಿಯೇ ಕಾಣುತ್ತದೆ. ನಿಟ್ಟುವಳ್ಳಿಯ ಮನೆಯೊಂದರಲ್ಲಿ ಗಾಡಿ ಹೊರಟು ನಿಂತಿದ್ದಾಗ ನಮ್ಮ ಹುಡುಗ ಹೀಗೆಯೇ ಹತ್ತಿದ. ಹಿಂಗೋಡೆಗೆ ಅಂಟಿಕೊಂಡಂತೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಛಾಪಾ ಕಾಗದ, ಹಳ್ಳಿಯ ಎರಡು ಎಕರೆ ಜಮೀನಿನ ಮೂಲ ಕ್ರಯಪತ್ರ. ಆ ಮನೆಯ ಯಜಮಾನರು ಅದನ್ನು ಆರು ವರ್ಷಗಳಿಂದ ಹುಡುಕುತ್ತಿದ್ದರಂತೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಕನ್ನಡಕ ಒರೆಸಿಕೊಂಡು, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾವು ಗಾಡಿಯನ್ನು ಅರ್ಧ ಗಂಟೆ ತಡವಾಗಿ ಬಿಟ್ಟೆವು.