ಇ.ಸಿ. ನಿಲ್ ಬಂದರೆ ಜಮೀನು ನಿರಾಳವೇ?

‘ಸಾರ್, ಇ.ಸಿ. ನಿಲ್ ಬಂದಿದೆ, ಪತ್ರ ಬರೆಸಿಬಿಡಿ’ ಎಂದು ಬರುವ ಕಕ್ಷಿದಾರರು ಮಂಡ್ಯದ ವಕೀಲರಿಗೆಲ್ಲ ಪರಿಚಿತರು. ಇ.ಸಿ. ಅಂದರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್, ಸಬ್‌ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪತ್ರ; ನಿಲ್ ಅಂದರೆ ಅದರಲ್ಲಿ ಏನೂ ದಾಖಲಾಗಿಲ್ಲ ಎಂದು. ಎನ್‌ಕಂಬ್ರೆನ್ಸ್ ಅಂದರೆ ಸಾಲ, ಅಷ್ಟೇ ಅನ್ನೋದು ಅವರ ಲೆಕ್ಕ. ಕನ್ನಡದಲ್ಲಿ ‘ಋಣಭಾರ’ ಎಂದು ಕರೆದಿರುವುದರಿಂದ ತಪ್ಪು ಅವರದೂ ಅಲ್ಲ. ಕಾನೂನು ಈ ಪದವನ್ನು ಬಳಸುವ ವ್ಯಾಪ್ತಿ ದೊಡ್ಡದು. ಅಡಮಾನ, ಭೋಗ್ಯ ಮಾತ್ರವಲ್ಲ. ಗುತ್ತಿಗೆ, ಸ್ವತ್ತಿನ ಮೇಲೆ ಕಟ್ಟಿದ ಜೀವನಾಂಶ, ಪಕ್ಕದ ಗದ್ದೆಯವನು ನಿಮ್ಮ ಬದುವಿನ ಮೇಲೆ ಗಾಡಿ ಹೊಡೆಯುವ, ನಾಲೆ ನೀರು ಹಾಯಿಸಿಕೊಳ್ಳುವ ಹಕ್ಕೂ ಇದರೊಳಗೆ ಬರಬಹುದು.

ಇ.ಸಿ. ಹೇಳುವುದು ನೋಂದಣಿಯಾದದ್ದನ್ನು, ಅದೂ ನೀವು ಕೇಳಿದ ಅವಧಿಗೆ ಮಾತ್ರ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದ ಕ್ರಯದ ಕರಾರು, ಬಾಯಿಮಾತಿನ ವಿಭಾಗ, ತಂಗಿ ಹೂಡಿರುವ ಪಾಲಿನ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನನ್ನು ಸ್ವತ್ತು ವರ್ಗಾವಣೆ ಕಾಯ್ದೆ, 1882ರ 52ನೇ ಕಲಮು ತೀರ್ಪಿಗೆ ಕಟ್ಟಿಹಾಕುತ್ತದೆ. ಸೊಸೈಟಿ ಸಾಲ ಇದೆಯೇ ಎಂದು ತಿಳಿಯಲು ಪಹಣಿಯ 11ನೇ ಕಾಲಂ ನೋಡಿ.

ಎಲ್ಲಕ್ಕಿಂತ ಮುಖ್ಯ, ಗದ್ದೆಗೇ ಹೋಗಿ. ಕಬ್ಬು ಹಾಕಿರುವವನು ಮಾರುವವನೋ, ಅವನ ದಾಯಾದಿಯೋ, ವಾರಕ್ಕೆ ಮಾಡುವವನೋ? ಅದೇ ಕಾಯ್ದೆಯ 3ನೇ ಕಲಮಿನ ವಿವರಣೆಯಂತೆ, ಅನುಭವದಲ್ಲಿರುವವನಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವನಿಗೆ ಗೊತ್ತಿತ್ತೆಂದೇ ಕೋರ್ಟು ಭಾವಿಸುತ್ತದೆ. ಮುಂದೆ ‘ನಾನು ವಿಚಾರಿಸಲಿಲ್ಲ ಸ್ವಾಮಿ’ ಅಂದರೆ ನಡೆಯುವುದಿಲ್ಲ.

ಕ್ರಯಪತ್ರದಲ್ಲಿ ಎನ್‌ಕಂಬ್ರೆನ್ಸ್ ಎಂಬ ಪದ ಎರಡು ಬಗೆಯಲ್ಲಿ ಬರುತ್ತದೆ. ‘ಫ್ರೀ ಫ್ರಮ್ ಎನ್‌ಕಂಬ್ರೆನ್ಸಸ್’ ಎಂದಿದ್ದರೆ ಇರುವ ಭಾರವನ್ನು ಮಾರುವವನೇ ತೀರಿಸಬೇಕು. ‘ಸಬ್ಜೆಕ್ಟ್ ಟು ಎನ್‌ಕಂಬ್ರೆನ್ಸಸ್’ ಎಂದಿದ್ದರೆ ಭಾರದ ಸಮೇತ ನೀವು ಕೊಂಡಿರಿ. ಇಂಗ್ಲಿಷ್ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತುವವರಿಗೆ ಇದು ತಿಳಿಯುವ ಬಗೆಯಾದರೂ ಹೇಗೆ? ಮೊದಲ ಬಗೆಯಲ್ಲಿ ಸಾಲ ಉಳಿದಿದ್ದರೆ, ಅಷ್ಟು ಹಣವನ್ನು ಕ್ರಯದ ಮೊತ್ತದಲ್ಲಿ ಹಿಡಿದುಕೊಂಡು ಸಾಲ ಕೊಟ್ಟವರಿಗೇ ಕಟ್ಟಲು ಅದೇ ಕಾಯ್ದೆಯ 55ನೇ ಕಲಮು ಅವಕಾಶ ಕೊಟ್ಟಿದೆ. ಕಟ್ಟಿ, ತೀರುವಳಿ ಪತ್ರ ಕೈಗೆ ಬಂದ ಮೇಲೆ ರಿಜಿಸ್ಟ್ರೇಷನ್ನಿಗೆ ದಿನ ಗೊತ್ತುಮಾಡಿ.